ಹೆಸರಿನ ಒಡೆತನ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಬೆಳಗಾಗುವುದು ಊರಿಗೆಲ್ಲ ಬೆಳಗಾಗುವುದಕ್ಕಿಂತ ಬಹಳ ಮುಂಚೆ. ಇನ್ನೂ ಕತ್ತಲಿರುವಾಗಲೇ ಸುತ್ತಲಿನ ಹಳ್ಳಿಗಳಿಂದ ಬಂದ ಹೂವಿನ ಮೂಟೆಗಳು ಅಲ್ಲಿ ಬಿಚ್ಚಿಕೊಳ್ಳುತ್ತವೆ. ಸೇವಂತಿಗೆ, ಕನಕಾಂಬರ, ಸುಗಂಧರಾಜ, ಕಾಕಡ, ಮಲ್ಲಿಗೆಗಳ ರಾಶಿಯ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಕೋಟೆ, ಇನ್ನೊಂದು ಕಡೆ ಪೇಟೆ. ಇವೆರಡರ ನಡುವೆ ೧೯೨೮ರಲ್ಲಿ ತಲೆಯೆತ್ತಿದ ಈ ಮಾರುಕಟ್ಟೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಇಡಲಾಯಿತು. ಜನರ ಬಾಯಲ್ಲಿ ಅದು ಇಂದಿಗೂ ‘ಸಿಟಿ ಮಾರ್ಕೆಟ್ಟು’. ಹೂವು, ಹಣ್ಣು, ತರಕಾರಿ, ವೀಳೆಯದೆಲೆ, ಅರಿಸಿನ ಕುಂಕುಮ, ಊದುಬತ್ತಿ, ಪಾತ್ರೆ ಪಡಗ ಎಲ್ಲವೂ ಇಲ್ಲಿ ದೊರೆಯುತ್ತವೆ. ನಾಲ್ಕು ಹೆಜ್ಜೆ ನಡೆದರೆ ಚಿಕ್ಕಪೇಟೆಯ ಸೀರೆಯ ಅಂಗಡಿಗಳು. ಇನ್ನೂ ನಾಲ್ಕು ಹೆಜ್ಜೆಗೆ ಅವೆನ್ಯೂ ರಸ್ತೆಯ ಪುಸ್ತಕದ ರಾಶಿಗಳು.

ಹೂವಿನ ಸಾಲಿನಲ್ಲಿ ದಿನವೂ ಕೇಳಿಬರುವ ಒಂದು ಮಾತುಕತೆಯನ್ನು ಗಮನಿಸಬಹುದು.

“ಏನಮ್ಮ, ಇದು ಮೈಸೂರು ಮಲ್ಲಿಗೆಯೇನು?”

“ಹೂಂ ಕಣಕ್ಕ. ವಾಸನೆ ನೋಡಿ, ಆಮೇಲೆ ತಗೊಳ್ಳಿ.”

ಕೊಳ್ಳುವಾಕೆ ಹೂವನ್ನು ಮೂಗಿನ ಬಳಿ ಹಿಡಿಯುತ್ತಾಳೆ, ಒಂದಿಷ್ಟು ಚೌಕಾಶಿ ಮಾಡುತ್ತಾಳೆ, ಕೊನೆಗೆ ಪಕ್ಕದ ಬುಟ್ಟಿಯ ಹೂವಿಗಿಂತ ನಾಲ್ಕು ಕಾಸು ಹೆಚ್ಚನ್ನೇ ತೆತ್ತು ಹೋಗುತ್ತಾಳೆ. ಆ ಹೆಚ್ಚಿನ ಹಣ ಯಾವುದಕ್ಕೆ ಸಂದಿತು? ಹೂವಿನ ತೂಕ ಎರಡು ಬುಟ್ಟಿಯಲ್ಲೂ ಒಂದೇ. ‘ಮೈಸೂರು’ ಎಂಬ ಮೂರಕ್ಷರಕ್ಕೆ ತಕ್ಕಡಿಯಲ್ಲಿ ತೂಕವಿಲ್ಲ, ಆದರೆ ಬೆಲೆಯಿದೆ. ಹಲವು ತಲೆಮಾರಿನ ಬೆಳೆಗಾರರು ಮಣ್ಣನ್ನು ಹದಮಾಡಿ, ಗಿಡವನ್ನು ಸಾಕಿ, ಒಳ್ಳೆಯ ಹೂವನ್ನೇ ಮಾರಿ ಆ ಹೆಸರಿಗೆ ಬೆಲೆ ತಂದಿದ್ದಾರೆ. ಬೇರೆ ಯಾವುದೋ ಊರಿನ ಹೂವನ್ನು ಅದೇ ಹೆಸರಿನಿಂದ ಮಾರಿದವನು ಬೆಳೆಗಾರನ ತೋಟಕ್ಕೆ ನುಗ್ಗಿ ಕದ್ದಿಲ್ಲ ನಿಜ. ಆದರೂ ಆತ ಏನನ್ನೋ ಕದ್ದಿದ್ದಾನೆ.

ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಇಂತಹ ಸ್ವತ್ತಿಗೆ ಕಾನೂನಿನವರು ‘ಬೌದ್ಧಿಕ ಆಸ್ತಿ’ ಎಂದು ಹೆಸರಿಟ್ಟಿದ್ದಾರೆ. ಹೊಲ ಮನೆಗಳಿಗೆ ಪಹಣಿ, ಕ್ರಯಪತ್ರಗಳಿರುವಂತೆ ಇದಕ್ಕೂ ದಾಖಲೆಗಳುಂಟು. ಹೊಸದಾಗಿ ಕಂಡುಹಿಡಿದ ಯಂತ್ರ ಅಥವಾ ವಿಧಾನಕ್ಕೆ ಪೇಟೆಂಟು, ಬರೆದ ಪುಸ್ತಕಕ್ಕೆ ಕೃತಿಸ್ವಾಮ್ಯ, ವಸ್ತುವಿನ ಹೊರರೂಪಕ್ಕೆ ವಿನ್ಯಾಸದ ಹಕ್ಕು, ವ್ಯಾಪಾರಿಯ ಹೆಸರು ಗುರುತುಗಳಿಗೆ ವ್ಯಾಪಾರ ಮುದ್ರೆ, ಊರಿನ ಹೆಸರು ಹೊತ್ತ ಸರಕಿಗೆ ಭೌಗೋಳಿಕ ಸೂಚಕ. ಇವುಗಳಲ್ಲಿ ಮಾರುಕಟ್ಟೆಯ ಜನರ ಹೊಟ್ಟೆಪಾಡಿಗೆ ತೀರ ಹತ್ತಿರವಾದವು ಕೊನೆಯ ಎರಡು.

ವ್ಯಾಪಾರ ಮುದ್ರೆಯ ಮಹತ್ವವನ್ನು ತಿಳಿಯಲು ಮೈಸೂರು ಸ್ಯಾಂಡಲ್ ಸಾಬೂನಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗುವ ದಾರಿ ಮುಚ್ಚಿತು. ಗಂಧದ ಕೊರಡು ಉಗ್ರಾಣಗಳಲ್ಲಿ ರಾಶಿಬಿದ್ದಿತು. ಕೊರಡನ್ನು ಹೊರಗೆ ಕಳುಹಿಸುವ ಬದಲು ಎಣ್ಣೆಯನ್ನು ಇಲ್ಲಿಯೇ ಏಕೆ ತೆಗೆಯಬಾರದೆಂಬ ಯೋಚನೆ ಆಗ ಹುಟ್ಟಿತು. ಎಣ್ಣೆಯಿಂದ ಸಾಬೂನಿನ ಯೋಚನೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ೧೯೧೮ರಲ್ಲಿ ಸಾಬೂನು ಹೊರಬಂದಿತು. ಅದರ ಅಂಡಾಕಾರ, ಒಡವೆಯ ಪೆಟ್ಟಿಗೆಯಂತಹ ಹೊದಿಕೆ, ಸಿಂಹದ ಮೈಗೆ ಆನೆಯ ತಲೆಯಿರುವ ಶರಭದ ಚಿತ್ರ ಇವೆಲ್ಲ ಜನರ ನೆನಪಿನಲ್ಲಿ ಉಳಿದವು. ಓದುಬರಹ ಬಾರದ ಅಜ್ಜಿಯೂ ಅಂಗಡಿಯಲ್ಲಿ ಆ ಚಿತ್ರವನ್ನು ನೋಡಿಯೇ ಸಾಬೂನನ್ನು ಗುರುತಿಸಬಲ್ಲಳು. ವ್ಯಾಪಾರ ಮುದ್ರೆಯ ಕೆಲಸವೇ ಇದು.

ಒಂದು ಶತಮಾನ ದಾಟಿದ ಈ ಮುದ್ರೆಗೂ ಕಳ್ಳರ ಕಾಟ ತಪ್ಪಲಿಲ್ಲ. ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನನ್ನು ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿದ್ದಿತು. ಸಂಸ್ಥೆಯ ಕಡೆಯವರು ಗಿರಾಕಿಗಳ ಸೋಗಿನಲ್ಲಿ ಸರಕನ್ನು ಕೊಂಡು ಅದರ ಮೂಲವನ್ನು ಪತ್ತೆಹಚ್ಚಿದರು. ವಶವಾದ ಮಾಲಿನ ಬೆಲೆ ಸುಮಾರು ೨ ಕೋಟಿ ರೂಪಾಯಿ. ಹೊದಿಕೆ ಅದೇ, ಚಿತ್ರವೂ ಅದೇ. ಒಳಗಿನ ಸಾಬೂನು ಮಾತ್ರ ಬೇರೆ. ಅಂತಹ ಸಾಬೂನನ್ನು ಒಮ್ಮೆ ಬಳಸಿ ಬೇಸರಗೊಂಡವನು ನಕಲು ಮಾಡಿದವನನ್ನು ಬಯ್ಯುವುದಿಲ್ಲ, ‘ಮೈಸೂರು ಸ್ಯಾಂಡಲ್ ಈಗ ಮೊದಲಿನಂತಿಲ್ಲ’ ಎಂದುಬಿಡುತ್ತಾನೆ. ಕಳ್ಳನ ಲಾಭಕ್ಕಿಂತ ಈ ಒಂದು ಮಾತಿನಿಂದ ಆಗುವ ನಷ್ಟವೇ ದೊಡ್ಡದು.

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು ೧೯೯೯ರ ವ್ಯಾಪಾರ ಮುದ್ರೆಗಳ ಕಾಯಿದೆ. ಅದು ಜಾರಿಗೆ ಬಂದದ್ದು ೨೦೦೩ರ ಸೆಪ್ಟೆಂಬರ್ ೧೫ರಂದು. ಅದರ ಪ್ರಕಾರ ಹೆಸರು, ಚಿತ್ರ, ಬಣ್ಣಗಳ ಜೋಡಣೆ, ಅಷ್ಟೇಕೆ, ಒಂದು ವಿಶಿಷ್ಟ ನಾದವನ್ನೂ ಮುದ್ರೆಯಾಗಿ ನೋಂದಾಯಿಸಬಹುದು. ಸರಕು ಮತ್ತು ಸೇವೆಗಳನ್ನು ೪೫ ವರ್ಗಗಳಾಗಿ ವಿಂಗಡಿಸಲಾಗಿದೆ. ಅರ್ಜಿದಾರನು ತನ್ನ ಸರಕು ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಸಬೇಕು. ಪರಿಶೀಲನೆಯಾದ ಮೇಲೆ ಮುದ್ರೆಯನ್ನು ಇಲಾಖೆಯ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹೂಡಬಹುದು. ತಕರಾರಿಲ್ಲದಿದ್ದರೆ ನೋಂದಣಿಯಾಗುತ್ತದೆ, ಅದರ ಅವಧಿ ಹತ್ತು ವರ್ಷ. ಶುಲ್ಕ ಕಟ್ಟಿ ಎಷ್ಟು ಬಾರಿಯಾದರೂ ಅದನ್ನು ನವೀಕರಿಸಬಹುದು. ಪೇಟೆಂಟು ಇಪ್ಪತ್ತು ವರ್ಷಕ್ಕೆ ಮುಗಿದುಹೋಗುತ್ತದೆ. ಆದರೆ ಹೆಸರನ್ನು ಕಾಪಾಡಿಕೊಂಡವನಿಗೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಎರಡು ಹೆಸರುಗಳು ಒಂದನ್ನೊಂದು ಹೋಲುತ್ತವೆಯೇ ಎಂದು ನಿರ್ಧರಿಸುವುದು ಹೇಗೆ? ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವನ್ನು ತಾಳೆ ನೋಡುವ ಪಂಡಿತನ ಕಣ್ಣಿನಿಂದ ಅಲ್ಲ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಿಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೬೨ರಲ್ಲಿಯೇ ಈ ವಿಷಯವನ್ನು ಸ್ಪಷ್ಟಪಡಿಸಿತು. ಸಾಧಾರಣ ಬುದ್ಧಿಯ, ಹೆಸರನ್ನು ಅರೆಬರೆ ನೆನಪಿಟ್ಟುಕೊಂಡು ಅಂಗಡಿಗೆ ಬರುವ ಮನುಷ್ಯನಿಗೆ ಗೊಂದಲವಾಗುವುದೇ ಎಂಬುದೇ ಅಲ್ಲಿ ಒರೆಗಲ್ಲು. ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಸಾಮಾನು ಕೊಳ್ಳುವವರನ್ನು ಕಂಡವರಿಗೆ ಈ ಒರೆಗಲ್ಲಿನ ವಿವೇಕ ತಾನಾಗಿಯೇ ಮನದಟ್ಟಾಗುತ್ತದೆ.

ಆದರೆ ಹೋಲುವ ಹೆಸರುಗಳೆಲ್ಲ ಕಳ್ಳತನದ ಹೆಸರುಗಳಲ್ಲ. ಈ ಸೂಕ್ಷ್ಮವನ್ನು ತೋರಿಸಿಕೊಟ್ಟದ್ದು ಬೆಂಗಳೂರಿನಲ್ಲಿಯೇ ಹುಟ್ಟಿದ ‘ನಂದಿನಿ’ಯ ವ್ಯಾಜ್ಯ. ಕರ್ನಾಟಕ ಹಾಲು ಉತ್ಪಾದಕರ ಸಹಕಾರ ಮಹಾಮಂಡಲವು ೧೯೮೫ರಿಂದ ತನ್ನ ಹಾಲು ಮೊಸರು ತುಪ್ಪಗಳಿಗೆ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತ ಬಂದಿದೆ. ಹಸುವಿನ ಚಿತ್ರವಿರುವ ಆ ಮುದ್ರೆ ಕನ್ನಡ ನಾಡಿನ ಮನೆಮನೆಗೂ ಪರಿಚಿತ. ೧೯೮೯ರಲ್ಲಿ ನಗರದ ಒಂದು ಹೋಟೆಲು ‘ನಂದಿನಿ’ ಎಂಬ ಹೆಸರಿನಿಂದಲೇ ಆರಂಭವಾಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚಿತ್ತು. ಗುರುತಾಗಿ ದೀಪದ ಚಿತ್ರವಿತ್ತು. ಹೋಟೆಲಿನವರು ತಾವು ಮಾರುವ ಮಾಂಸ, ಮೀನು, ತರಕಾರಿ, ಕಾಫಿ, ಸಾಂಬಾರ ಪದಾರ್ಥ ಮೊದಲಾದವುಗಳಿಗೆ ಆ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಲವು ಆಕ್ಷೇಪಿಸಿತು. ಹಾಲಿನ ಸಂಸ್ಥೆಯ ಹಿಂದೆ ಲಕ್ಷಾಂತರ ರೈತರಿದ್ದರು; ಅವರ ದುಡಿಮೆಯಿಂದ ಬಂದ ಒಳ್ಳೆಯ ಹೆಸರನ್ನು ಇನ್ನೊಬ್ಬರು ಬಳಸಬಾರದೆಂಬುದು ಅದರ ವಾದ. ಇತ್ತ ಹೋಟೆಲಿನವರು ತಾವೂ ಹಲವು ವರ್ಷ ದುಡಿದು ಅದೇ ಹೆಸರಿನಲ್ಲಿ ಗಿರಾಕಿಗಳನ್ನು ಸಂಪಾದಿಸಿದ್ದೇವೆ ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

೨೦೦೭ರಲ್ಲಿ ನೋಂದಣಾಧಿಕಾರಿಯ ತೀರ್ಮಾನ ಹೋಟೆಲಿನ ಪರವಾಗಿ ಬಂದಿತು. ೨೦೧೧ರಲ್ಲಿ ಮೇಲ್ಮನವಿ ಮಂಡಳಿಯು ಅದನ್ನು ತಿರುಗಿಸಿ ಹಾಲಿನ ಸಂಸ್ಥೆಯ ಪರ ನಿಂತಿತು. ಕರ್ನಾಟಕ ಉಚ್ಚ ನ್ಯಾಯಾಲಯವೂ ೨೦೧೪ರಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ೨೦೧೮ರ ಜುಲೈ ೨೬ರಂದು ಸರ್ವೋಚ್ಚ ನ್ಯಾಯಾಲಯ ಹೋಟೆಲಿನ ಪರವಾಗಿ ತೀರ್ಪು ನೀಡಿತು. ನಂದಿನಿ ಎಂಬುದು ಯಾವ ವ್ಯಾಪಾರಿಯೂ ಹೊಸದಾಗಿ ಸೃಷ್ಟಿಸಿದ ಪದವಲ್ಲ. ಅದು ದೇವಿಯ ಹೆಸರು, ಪುರಾಣಪ್ರಸಿದ್ಧವಾದ ಹಸುವಿನ ಹೆಸರು. ಎರಡು ಮುದ್ರೆಗಳ ರೂಪ ಬೇರೆ, ಮಾರುವ ಸರಕು ಬೇರೆ. ಸರಕುಗಳ ಒಂದು ವರ್ಗದಲ್ಲಿ ಹಾಲನ್ನು ನೋಂದಾಯಿಸಿದ ಮಾತ್ರಕ್ಕೆ ಆ ವರ್ಗದಲ್ಲಿರುವ ಮೀನಿಗೂ ಮಾಂಸಕ್ಕೂ ಹಕ್ಕುಸಾಧಿಸಲು ಬರುವುದಿಲ್ಲ. ಹೀಗೆಂದ ನ್ಯಾಯಾಲಯ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರನ್ನು ಕೊಡಲಿಲ್ಲ. ವಸಿಷ್ಠರ ಆಶ್ರಮದಲ್ಲಿ ನಂದಿನಿಗಾಗಿ ವಿಶ್ವಾಮಿತ್ರನು ಮಾಡಿದ ಜಗಳದ ಕಥೆಯನ್ನು ಬಲ್ಲವರಿಗೆ ಈ ವ್ಯಾಜ್ಯವನ್ನು ಓದುವಾಗ ನಗು ಬಂದರೆ ಆಶ್ಚರ್ಯವಿಲ್ಲ.

ಸರ್ಕಾರಗಳ ನಡುವೆಯೂ ಹೆಸರಿನ ಜಗಳ ನಡೆದದ್ದುಂಟು. ‘ಕೆ.ಎಸ್.ಆರ್.ಟಿ.ಸಿ.’ ಎಂಬ ಸಂಕ್ಷಿಪ್ತ ನಾಮವನ್ನು ಕೇರಳದ ಸಾರಿಗೆ ನಿಗಮ ೧೯೬೫ರಿಂದಲೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ೧೯೭೩ರಿಂದ ನಮ್ಮ ನಿಗಮವೂ ಬಳಸುತ್ತಿದ್ದವು. ೨೦೧೩ರಲ್ಲಿ ಕರ್ನಾಟಕ ಅದನ್ನು ನೋಂದಾಯಿಸಿಕೊಂಡಿತು. ಕೇರಳ ಮೇಲ್ಮನವಿ ಸಲ್ಲಿಸಿತು. ೨೦೨೩ರ ಡಿಸೆಂಬರಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮಾರುಕಟ್ಟೆಯ ಪಕ್ಕದ ಕಲಾಸಿಪಾಳ್ಯದಲ್ಲಿ ಮೂಟೆ ಹೊತ್ತು ಬಸ್ಸು ಹತ್ತುವ ಪ್ರಯಾಣಿಕನಿಗೆ ಕುಳಿತುಕೊಳ್ಳಲು ಜಾಗ ಸಿಕ್ಕುವುದೇ ದೊಡ್ಡ ಚಿಂತೆ ಎಂಬುದು ಬೇರೆ ಮಾತು.

ಮಲ್ಲಿಗೆಯ ಸಂಗತಿಗೆ ಮರಳಬಹುದು. ಸಾಬೂನಿಗೆ ಒಬ್ಬ ಒಡೆಯನಿದ್ದಾನೆ. ಮೈಸೂರು ಮಲ್ಲಿಗೆಗೆ ಒಡೆಯನಾರು? ಅದನ್ನು ಬೆಳೆಯುವವರು ನೂರಾರು ಮಂದಿ. ಇಂತಹ ಹೆಸರುಗಳಿಗಾಗಿಯೇ ಭೌಗೋಳಿಕ ಸೂಚಕಗಳ ಕಾಯಿದೆ ೧೯೯೯ರಲ್ಲಿ ರೂಪುಗೊಂಡು ೨೦೦೩ರಲ್ಲಿ ಜಾರಿಗೆ ಬಂದಿತು. ಇದರ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಮೊದಲು ಮನ್ನಣೆ ಪಡೆದದ್ದು ಡಾರ್ಜಿಲಿಂಗಿನ ಚಹಾ. ಕರ್ನಾಟಕದ ಮೈಸೂರು ರೇಷ್ಮೆ, ಮೈಸೂರು ಊದುಬತ್ತಿ, ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ ಕಲೆ, ಇಳಕಲ್ ಸೀರೆ, ನಂಜನಗೂಡಿನ ರಸಬಾಳೆ, ಕೊಡಗಿನ ಕಿತ್ತಳೆ, ಧಾರವಾಡದ ಪೇಡ, ಬ್ಯಾಡಗಿ ಮೆಣಸಿನಕಾಯಿ, ಬೆಂಗಳೂರಿನ ಗುಲಾಬಿ ಈರುಳ್ಳಿ ಮುಂತಾದ ಹತ್ತಾರು ಹೆಸರುಗಳು ಈ ಪಟ್ಟಿಯಲ್ಲಿ ಸೇರಿವೆ. ಮಲ್ಲಿಗೆಯಲ್ಲೇ ಮೈಸೂರು, ಉಡುಪಿ, ಹಡಗಲಿ ಎಂಬ ಮೂರು ಹೆಸರುಗಳುಂಟು. ಈ ಪಟ್ಟಿಯಲ್ಲಿ ಹೆಚ್ಚಿನವನ್ನು ಕೃಷ್ಣರಾಜ ಮಾರುಕಟ್ಟೆಯನ್ನೂ ಅದರ ಸುತ್ತಣ ಪೇಟೆಗಳನ್ನೂ ಒಂದು ಸುತ್ತು ಹಾಕಿ ಕೊಂಡು ತರಬಹುದು.

ವ್ಯಾಪಾರ ಮುದ್ರೆಗೂ ಇದಕ್ಕೂ ಒಂದು ಮುಖ್ಯ ಭೇದವಿದೆ. ವ್ಯಾಪಾರ ಮುದ್ರೆಯನ್ನು ಅದರ ಒಡೆಯ ಮಾರಬಹುದು, ಬಾಡಿಗೆಗೆ ಕೊಡಬಹುದು. ಭೌಗೋಳಿಕ ಸೂಚಕವನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಅದು ಆ ನೆಲದ ಉತ್ಪಾದಕರೆಲ್ಲರ ಸಮಾನ ಸ್ವತ್ತು. ಕೆರೆಯ ನೀರಿನಂತೆ ಅದು ಎಲ್ಲರದೂ ಹೌದು. ಎಲ್ಲರದೂ ಆದದ್ದನ್ನು ಕಾಯುವವರು ಯಾರೆಂಬ ಕೆರೆಯ ಕಷ್ಟವೂ ಅದಕ್ಕಿದೆ. ಮೈಸೂರು ರೇಷ್ಮೆಗೆ ಕಾವಲುಗಾರನಾಗಿ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮವಿದೆ. ೧೯೧೨ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ನೇಯ್ದ ಪ್ರತಿ ಸೀರೆಗೂ ಅದು ಪ್ರತ್ಯೇಕ ಸಂಖ್ಯೆಯನ್ನು ಹಾಕುತ್ತದೆ, ಹೊಳೆಯುವ ಗುರುತು ಚೀಟಿಯನ್ನು ಅಂಟಿಸುತ್ತದೆ. ಜರಿಯಲ್ಲಿ ಶೇಕಡ ೬೫ ಬೆಳ್ಳಿಯೂ ೦.೬೫ ಚಿನ್ನವೂ ಇರುತ್ತದೆಂದು ಹೇಳಿಕೊಳ್ಳುವಷ್ಟು ಅದಕ್ಕೆ ಧೈರ್ಯವಿದೆ. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿಗೆ ಅಂತಹ ಕಾವಲಿಲ್ಲ. ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಟ್ಟು ಆತ ಮಾಡಿದ ಗೊಂಬೆಯ ಪಕ್ಕದಲ್ಲೇ ಯಂತ್ರದಿಂದ ಬಂದ ಅಗ್ಗದ ಗೊಂಬೆ ಅದೇ ಹೆಸರಿನಲ್ಲಿ ಕುಳಿತಿರಬಹುದು. ನೋಂದಣಿಯ ಕಾಗದ ಚೆನ್ನೈಯಲ್ಲಿ ಭದ್ರವಾಗಿರುತ್ತದೆ. ಅಂಗಡಿಗಳನ್ನು ತಿರುಗಿ ನೋಡುವವರು ಬೇಕಲ್ಲ! ಕಾಯಿದೆಯ ಲಾಭ ಪಡೆಯಬೇಕಾದರೆ ಕುಶಲಕರ್ಮಿಯೂ ‘ಅಧಿಕೃತ ಬಳಕೆದಾರ’ನೆಂದು ತನ್ನ ಹೆಸರನ್ನು ಬರೆಸಿಕೊಳ್ಳಬೇಕು. ಎಷ್ಟೋ ಮಂದಿಗೆ ಈ ಸಂಗತಿಯೇ ತಿಳಿದಿರುವುದಿಲ್ಲ.

ಈ ಕಾನೂನು ಎಲ್ಲಿಯವರೆಗೆ ತಲುಪುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ೨೦೨೫ರ ಒಂದು ಪ್ರಸಂಗ ತೋರಿಸಿತು. ಕೊಲ್ಲಾಪುರಿ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿಗಳ ಕಡೆ ಈ ಚಪ್ಪಲಿಯನ್ನೇ ನಂಬಿ ಬಾಳುವ ಕುಟುಂಬಗಳು ಅನೇಕ. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಸಿದ್ಧ ಸಂಸ್ಥೆಯು ಅದೇ ರೂಪದ ಪಾದರಕ್ಷೆಗಳನ್ನು ಪ್ರದರ್ಶಿಸಿತು. ಅವುಗಳ ಮೂಲ ಯಾವುದೆಂದು ಮೊದಲು ತಿಳಿಸಲಿಲ್ಲ. ಭಾರತದಲ್ಲಿ ಕೂಗೆದ್ದ ಮೇಲೆ ಇಲ್ಲಿಯ ಪರಂಪರೆಯಿಂದ ಸ್ಫೂರ್ತಿ ಪಡೆದದ್ದನ್ನು ಒಪ್ಪಿಕೊಂಡಿತು. ಆದರೆ ಭೌಗೋಳಿಕ ಸೂಚಕವು ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಆ ಸಂಸ್ಥೆ ಕೊಲ್ಲಾಪುರಿ ಎಂಬ ಹೆಸರನ್ನು ಬಳಸಿರಲಿಲ್ಲ. ಮೇಲಾಗಿ ನಮ್ಮ ನೋಂದಣಿಯ ಅಧಿಕಾರ ನಮ್ಮ ದೇಶದ ಗಡಿಯೊಳಗೆ ಮಾತ್ರ. ಬೊಂಬಾಯಿ ಉಚ್ಚ ನ್ಯಾಯಾಲಯಕ್ಕೆ ಹೋದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ, ಸಲ್ಲಿಸಿದವರು ಆ ಹೆಸರಿನ ನೋಂದಾಯಿತ ಒಡೆಯರಲ್ಲವೆಂಬ ಕಾರಣದಿಂದ ಬಿದ್ದುಹೋಯಿತು. ನೋಂದಾಯಿತ ಒಡೆತನವಿದ್ದುದು ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಿಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ ಸಂಸ್ಥೆ ಈ ಎರಡು ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಕಾನೂನಿನ ಬಲದಿಂದ ಆಗದ ಕೆಲಸ ಲೋಕದ ನಾಚಿಕೆಯಿಂದ ಆಯಿತೆನ್ನಬಹುದು.

ಯಾರಿಗೂ ಒಡೆತನ ಸಲ್ಲದ ಸಂಗತಿಗಳೂ ಇವೆ. ಮಾರುಕಟ್ಟೆಯ ಅರಿಸಿನದ ರಾಶಿಯನ್ನೇ ನೋಡಬಹುದು. ಗಾಯಕ್ಕೆ ಅರಿಸಿನ ಹಚ್ಚುವ ‘ಹೊಸ ವಿಧಾನ’ಕ್ಕೆ ೧೯೯೫ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ದೊರೆಯಿತು! ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿ ಸುಮ್ಮನೆ ಕೂರಲಿಲ್ಲ. ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಸಾಕ್ಷ್ಯವಾಗಿ ಒಡ್ಡಿ ವಾದಿಸಿತು. ೧೯೯೭ರಲ್ಲಿ ಪೇಟೆಂಟು ರದ್ದಾಯಿತು. ಅಜ್ಜಿ ಹೇಳಿದ ಮಾತು ಅಲ್ಲಿ ಸಾಕ್ಷ್ಯವಾಗಲಿಲ್ಲ, ಅಚ್ಚಾದ ಕಾಗದವೇ ಬೇಕಾಯಿತು. ಆಯುರ್ವೇದವೇ ಮೊದಲಾದ ಪದ್ಧತಿಗಳ ಜ್ಞಾನವನ್ನು ವಿದೇಶಿ ಭಾಷೆಗಳಲ್ಲಿ ಕ್ರೋಡೀಕರಿಸುವ ಕಾರ್ಯ ೨೦೦೧ರಲ್ಲಿ ಆರಂಭವಾದದ್ದು ಈ ಅನುಭವದಿಂದಲೇ. ೨೦೨೪ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಒಡಂಬಡಿಕೆಯೊಂದು, ಸಸ್ಯ ಮೊದಲಾದವುಗಳ ಮೇಲೆ ಪೇಟೆಂಟು ಕೇಳುವವರು ಅವುಗಳ ಮೂಲವನ್ನು ತಿಳಿಸಬೇಕೆಂದು ವಿಧಿಸುತ್ತದೆ.

ಅವೆನ್ಯೂ ರಸ್ತೆಯ ಪುಸ್ತಕಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಲೇಖಕನ ಜೀವಿತಕಾಲವೂ ಆ ಬಳಿಕ ಅರವತ್ತು ವರ್ಷವೂ ಕೃತಿಸ್ವಾಮ್ಯ ಉಳಿಯುತ್ತದೆ. ೧೯೪೬ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ, ಟಿ.ಪಿ. ಕೈಲಾಸಂ ಅವರ ಕೃತಿಗಳನ್ನು ಈಗ ಯಾರು ಬೇಕಾದರೂ ಅಚ್ಚುಹಾಕಿಸಬಹುದು. ೧೯೯೪ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ ೨೦೫೪ರ ಕೊನೆಯವರೆಗೆ ರಕ್ಷಣೆಯುಂಟು. ಹಳೆಯ ಪುಸ್ತಕವನ್ನು ಮರುಮಾರಾಟ ಮಾಡುವುದು ತಪ್ಪಲ್ಲ, ಕಳ್ಳಪ್ರತಿ ಮಾಡಿ ಮಾರುವುದು ತಪ್ಪು. ಲೋಕದ ಬರೆಹಗಳನ್ನೆಲ್ಲ ಓದಿಕೊಂಡು ಉತ್ತರ ಹೇಳುವ ಗಣಕಯಂತ್ರಗಳು ಬಂದ ಮೇಲೆ, ಹಾಗೆ ಓದಿಸುವುದಕ್ಕೆ ಲೇಖಕನ ಅನುಮತಿ ಬೇಡವೇ ಎಂಬ ಹೊಸ ಪ್ರಶ್ನೆ ಹುಟ್ಟಿದೆ. ೨೦೨೪ರ ನವೆಂಬರಿನಲ್ಲಿ ಒಂದು ಸುದ್ದಿಸಂಸ್ಥೆ ಈ ಪ್ರಶ್ನೆಯನ್ನು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಒಯ್ದಿತು.

ಇನ್ನು ಮಸಾಲೆ ಪುಡಿಯ ಅಂಗಡಿಯ ಗುಟ್ಟು. ತಂದೆಯಿಂದ ಮಗನಿಗೆ ಬಂದ ಸಾಂಬಾರು ಪುಡಿಯ ಹದವನ್ನು ಪೇಟೆಂಟಿಗಾಗಿ ಬರೆದುಕೊಟ್ಟರೆ ಊರಿಗೆಲ್ಲ ತಿಳಿಸಿದಂತಾಗುತ್ತದೆ. ಬಚ್ಚಿಟ್ಟರೆ, ಕೆಲಸ ಬಿಟ್ಟುಹೋದ ಆಳು ಅದನ್ನು ಒಯ್ಯಬಹುದು. ವ್ಯಾಪಾರದ ಇಂತಹ ಗುಟ್ಟುಗಳಿಗೆ ಪ್ರತ್ಯೇಕ ಕಾಯಿದೆಯೊಂದು ಬೇಕೆಂದು ಕಾನೂನು ಆಯೋಗ ೨೦೨೪ರ ಮಾರ್ಚ್ ತಿಂಗಳಲ್ಲಿ ತನ್ನ ೨೮೯ನೆಯ ವರದಿಯಲ್ಲಿ ಶಿಫಾರಸು ಮಾಡಿದೆ.

ಹಿಂದೆ ಇವೆಲ್ಲ ದೊಡ್ಡ ಕಾರ್ಖಾನೆಗಳ ಚಿಂತೆಯಾಗಿದ್ದವು. ಗಿರಾಕಿ ಅಂಗಡಿಗೆ ಬಂದು ವ್ಯಾಪಾರಿಯ ಮುಖ ನೋಡಿ ಕೊಳ್ಳುತ್ತಿದ್ದ ಕಾಲದಲ್ಲಿ ಮುಖವೇ ಮುದ್ರೆ. ಈಗ ಊದುಬತ್ತಿಯನ್ನೂ ಸೀರೆಯನ್ನೂ ಜನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳುತ್ತಾರೆ. ಮೂಸಿ ನೋಡುವಂತಿಲ್ಲ, ಮುಟ್ಟಿ ನೋಡುವಂತಿಲ್ಲ, ಹೆಸರನ್ನಷ್ಟೇ ನಂಬಬೇಕು. ಅಲ್ಲಿ ತನ್ನ ಹೆಸರನ್ನು ಬೇರೆಯವನು ಬಳಸುತ್ತಿದ್ದಾನೆಂದು ದೂರು ಕೊಟ್ಟರೆ, ನೋಂದಣಿಯ ದಾಖಲೆ ಎಲ್ಲಿ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಹೀಗಾಗಿ ಸಣ್ಣ ವ್ಯಾಪಾರಿಗಳೂ ಎಚ್ಚರಗೊಂಡಿದ್ದಾರೆ. ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬಹುದು. ೨೦೧೭ರ ನಿಯಮಗಳ ಪ್ರಕಾರ ಹಾಗೆ ಸಲ್ಲಿಸುವ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ೪,೫೦೦ ರೂಪಾಯಿ ಶುಲ್ಕ. ದೊಡ್ಡ ಕಂಪನಿಗಳಿಗೆ ೯,೦೦೦. ಅರ್ಜಿ ಹಾಕಿದವನು ಹೆಸರಿನ ಪಕ್ಕದಲ್ಲಿ ‘ಟಿ.ಎಂ.’ ಎಂದು ಬರೆದುಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಅಕ್ಷರವನ್ನು ಮಾತ್ರ ನೋಂದಣಿ ಮುಗಿಯುವ ಮೊದಲು ಹಾಕಕೂಡದು.

ಮಾರುಕಟ್ಟೆಯ ಮಗ್ಗುಲಿನ ಬೀದಿಗಳಲ್ಲಿ ಮಾರುವ ಪೊಟ್ಟಣಗಳನ್ನು ತಿರುಗಿಸಿ ನೋಡಿದರೆ ಈ ಎರಡು ಗುರುತುಗಳೂ ಕಣ್ಣಿಗೆ ಬೀಳುತ್ತವೆ. ಹೂವಿನ ಬುಟ್ಟಿಯ ಮೇಲೆ ಮಾತ್ರ ಯಾವ ಗುರುತೂ ಇರುವುದಿಲ್ಲ. ಅಲ್ಲಿ ಈಗಲೂ ಮೂಗೇ ಪ್ರಮಾಣ. ಮಾರುವಾಕೆ ‘ಹೂಂ ಕಣಕ್ಕ’ ಎಂದು ಹೇಳಿದ ಮಾತೇ ಪತ್ರ.